ಅಂಕಿ ಬರೆದರೆ ಸಾಲದು, ಬಾಗಿಲು ಕಾಯಬೇಕು

(ನವಲಗುಂದ ತಾಲೂಕಿನ ನಮ್ಮೂರ ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನಾನು ಪ್ರವಚನಕಾರನಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ನೌಕರಿಯಲ್ಲಿ ಕಾಲುವೆ, ತೂಬು, ಸಣ್ಣ ಸೇತುವೆ ಇವುಗಳ ನಡುವೆ ಕಳೆದವನು. ಕಳೆದ ತಿಂಗಳ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಾಗ ಒಬ್ಬ ತಾಯಿ ಬಂದು, "ಸಾಹೇಬ್ರ, ಮೊಬೈಲ್ ಆಟದ ಮ್ಯಾಲೆ 12+, 16+ ಅಂತ ಬರದಿರ್ತೈತಿ. ಹಂಗಂದ್ರ ಏನ್ರಿ? ಹದಿನಾರು ಮಂದಿ ಕೂಡಿ ಆಡೂದೇನ್ರಿ?" ಎಂದು ಕೇಳಿದರು. ಪಕ್ಕದಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದರೆ ಎಂಜಿನಿಯರಿಂಗ್ ಓದಿದ ನಾನೂ ಒಂದು ಕಾಲಕ್ಕೆ ಆ ಅಂಕಿಯನ್ನು ನೋಡದೆ ಬಿಟ್ಟವನೇ. ಆ ತಪ್ಪಿನ ಕಥೆಯಿಂದಲೇ ಇಂದಿನ ಮಾತು ಆರಂಭಿಸುತ್ತೇನೆ.

ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ನನ್ನ ಮೊಮ್ಮಗನಿಗೆ ಏಳು ವರ್ಷ. ಆನ್‌ಲೈನ್ ಪಾಠಕ್ಕೆಂದು ನನ್ನ ಮೊಬೈಲನ್ನೇ ಅವನಿಗೆ ಕೊಟ್ಟಿದ್ದೆವು. ಪಾಠ ಒಂದು ತಾಸು, ಮೊಬೈಲ್ ಅವನ ಕೈಯಲ್ಲಿ ನಾಲ್ಕು ತಾಸು. ಮನೆಯಲ್ಲಿ ಗದ್ದಲವಿಲ್ಲ, ಓಣಿಯಲ್ಲಿ ತಿರುಗುವುದಿಲ್ಲ ಎಂದು ನಾವೆಲ್ಲ ಸಮಾಧಾನದಿಂದ ಇದ್ದೆವು.

ಕೆಲವು ದಿನಗಳಲ್ಲಿ ಹುಡುಗ ರಾತ್ರಿ ಚಿಟ್ಟನೆ ಚೀರಿ ಏಳತೊಡಗಿದ. ಹುಟ್ಟಿದಾಗಿನಿಂದ ಆಯಿಯ ಮಗ್ಗುಲಲ್ಲೇ ಮಲಗುತ್ತಿದ್ದವನು, ಅವಳ ಹತ್ತಿರ ಮಲಗುವುದಿಲ್ಲ ಎಂದು ಹಟ ಹಿಡಿದ. ನನ್ನ ಮನೆಯವರಿಗೆ ಮೊಣಕಾಲು ನೋವು, ಬಡಿಗೆ ಊರಿಕೊಂಡು ಓಡಾಡುತ್ತಾರೆ. ಒಂದು ದಿನ ಆ ಬಡಿಗೆಯೇ ಕಾಣೆಯಾಯಿತು. ಎರಡು ದಿನ ಗೋಡೆ ಹಿಡಿದುಕೊಂಡು ನಡೆದರು. ಕೊನೆಗೆ ಅದು ಜೋಳದ ಚೀಲಗಳ ಹಿಂದೆ ಸಿಕ್ಕಿತು. ಬಚ್ಚಿಟ್ಟವನು ಮೊಮ್ಮಗ.

ಓಣಿಯಲ್ಲಿ ಸುದ್ದಿ ಹರಡಿತು. "ಹುಡುಗಗ ಗಾಳಿ ಸೋಕೇತಿ, ಅಂತ್ರ ಕಟ್ಟಸ್ರಿ" ಎಂದು ಒಬ್ಬರು, "ಅಮಾಸಿ ದಿನ ಕರಕೊಂಡು ಹೋಗ್ರಿ" ಎಂದು ಇನ್ನೊಬ್ಬರು. ದೆವ್ವ, ಮಾಟ, ದೃಷ್ಟಿ ಇವೆಲ್ಲ ಭಯದ ವ್ಯಾಪಾರ, ಶರಣರು ಅದನ್ನು ಒಪ್ಪಲಿಲ್ಲ ಎಂದು ಇದೇ ಮಠದಲ್ಲಿ ಎಷ್ಟು ಸಲ ಕೇಳಿದ್ದೇವೆ! ಆದರೆ ಮಗು ರಾತ್ರಿ ಚೀರಿದಾಗ ಮನೆಯವರ ಮನಸ್ಸು ಗಟ್ಟಿ ನಿಲ್ಲುವುದಿಲ್ಲ. ಸೊಸೆ ಹೊರಡಲು ಸಿದ್ಧಳಾಗಿದ್ದಳು. ನಾನೂ ಬೇಡ ಎಂದು ಗಟ್ಟಿಯಾಗಿ ಹೇಳಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆ ಸಂಜೆ ಕಟ್ಟೆಯ ಮೇಲೆ ಕುಳಿತಾಗ ಹುಡುಗ ಮೆಲ್ಲಗೆ ಕೇಳಿದ: "ಅಜ್ಜಾ, ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಆಯಿ ಬಡಿಗಿ ತಗೊಂಡು ಮನಿ ತುಂಬ ತಿರಗತಾಳೇನು?" ನಾನು ಬೈಯಲಿಲ್ಲ. "ಯಾರು ಹೇಳಿದರಪ್ಪಾ?" ಎಂದೆ. ಅವನು ನನ್ನ ಮೊಬೈಲ್ ತೆಗೆದು ತೋರಿಸಿದ. ಒಂದು ಕತ್ತಲೆಯ ಹಳೆಯ ಮನೆ. ಬಾಗಿಲಿಗೆ ಬೀಗ. ಒಳಗೆ ಸಿಕ್ಕಿಬಿದ್ದವನು ಆಡುವವನೇ. ಸಪ್ಪಳವಾದರೆ ಸಾಕು, ಬಿಳಿ ಕೂದಲಿನ ಮುದುಕಿ ಬಡಿಗೆ ಎತ್ತಿಕೊಂಡು ಬರುತ್ತಾಳೆ. ಸಿಕ್ಕರೆ ಹೊಡೆಯುತ್ತಾಳೆ, ತೆರೆ ಕೆಂಪಾಗುತ್ತದೆ. ಅರವತ್ತು ದಾಟಿದ ನನಗೇ ಎದೆ ಝಲ್ಲೆಂದಿತು.

ಆ ಆಟದ ಪುಟಕ್ಕೆ ಹೋಗಿ ನೋಡಿದೆ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ವಯಸ್ಸು ಬರೆದಿತ್ತು. ಅದು ನನ್ನ ಮೊಮ್ಮಗನ ವಯಸ್ಸಿಗಿಂತ ಬಹಳ ಹೆಚ್ಚು. ಆಟ ಇಳಿಸಿಕೊಟ್ಟವನು ನಾನೇ. ಅವನು ತೋರಿಸಿದ ಕಡೆ ಬೆರಳು ಒತ್ತಿ, ನೋಡದೆ ಕೊಟ್ಟಿದ್ದೆ. ಗಾಳಿ ಸೋಕಿದ್ದು ನಿಜ. ಅದು ಸ್ಮಶಾನದಿಂದ ಬಂದದ್ದಲ್ಲ, ನನ್ನ ಕಿಸೆಯಿಂದ ಬಂದದ್ದು.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಈ ಅಂಕಿ ಎಂದರೇನು?

16+ ಎಂದರೆ ಹದಿನಾರು ವರ್ಷ ತುಂಬಿದವರಿಗೆ ತಕ್ಕುದು ಎಂದರ್ಥ. ಈ ಪದ್ಧತಿ ಹುಟ್ಟಿದ್ದು ವಿದೇಶಗಳಲ್ಲಿ. 1993ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ರಕ್ತಪಾತದ ವಿಡಿಯೋ ಆಟಗಳ ಮೇಲೆ ವಿಚಾರಣೆ ನಡೆಯಿತು. ಸರ್ಕಾರ ಕಾನೂನು ತರುವ ಮುನ್ನ ಆಟ ತಯಾರಿಸುವವರೇ ಕೂಡಿ 1994ರಲ್ಲಿ ವಯಸ್ಸಿನ ಶ್ರೇಣಿ ಕೊಡುವ ಇಎಸ್‌ಆರ್‌ಬಿ ಎಂಬ ಮಂಡಳಿ ಮಾಡಿಕೊಂಡರು. ಯುರೋಪಿನಲ್ಲಿ 2003ರಿಂದ ಪೆಗಿ ಎಂಬ ವ್ಯವಸ್ಥೆ ಇದೆ. ಅದರಲ್ಲಿ 3, 7, 12, 16, 18 ಎಂಬ ಅಂಕಿಗಳ ಜೊತೆಗೆ ಕಾರಣ ಹೇಳುವ ಚಿತ್ರಗಳೂ ಇರುತ್ತವೆ. ಹೊಡೆದಾಟ ಇದ್ದರೆ ಮುಷ್ಟಿಯ ಚಿತ್ರ, ಹೆದರಿಕೆ ಹುಟ್ಟಿಸುವಂತಿದ್ದರೆ ಜೇಡದ ಚಿತ್ರ. ಓದು ಬಾರದ ಅಜ್ಜಿಗೂ ತಿಳಿಯಬಲ್ಲ ಸಂಗತಿ. ಬ್ರಿಟನ್ನಿನಲ್ಲಿ 2012ರಿಂದ, 12 ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ ಇರುವ ಆಟವನ್ನು ಆ ವಯಸ್ಸು ತುಂಬದವರಿಗೆ ಅಂಗಡಿಯವನು ಮಾರಿದರೆ ಅದು ಅಪರಾಧ.

ನಮ್ಮ ದೇಶದಲ್ಲಿ? ಸಿನಿಮಾಕ್ಕೆ 1952ರ ಕಾಯಿದೆ ಇದೆ. ಮೊದಲು 'ಯು' ಮತ್ತು 'ಎ' ಎಂಬ ಎರಡೇ ಪ್ರಮಾಣಪತ್ರ ಇದ್ದವು. 1983ರಲ್ಲಿ 'ಯುಎ' ಬಂತು. 2023ರ ತಿದ್ದುಪಡಿಯಲ್ಲಿ ಆ ಯುಎ ಅನ್ನು 7+, 13+, 16+ ಎಂದು ಮೂರು ಮಾಡಿದರು. ಮನೆಯ ಟಿವಿಯಲ್ಲಿ ದುಡ್ಡು ಕಟ್ಟಿ ನೋಡುವ ಒಟಿಟಿ ಧಾರಾವಾಹಿಗಳಿಗೂ 2021ರ ನಿಯಮಗಳಲ್ಲಿ ಇಂಥದ್ದೇ ಶ್ರೇಣಿ ಬಂತು. ಆದರೆ ವಿಡಿಯೋ ಆಟಕ್ಕೆ ಸಿನಿಮಾದಂಥ ಮಂಡಳಿ ನಮ್ಮಲ್ಲಿಲ್ಲ. ನಾವು ಪ್ಲೇಸ್ಟೋರಿನಲ್ಲಿ ಕಾಣುವ ಅಂಕಿ ಐಎಆರ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ್ದು. ಆಟ ತಯಾರಿಸಿದವನು ಒಂದು ಪ್ರಶ್ನಾವಳಿ ತುಂಬುತ್ತಾನೆ: ರಕ್ತ ಇದೆಯೋ, ಹೊಡೆದಾಟ ಇದೆಯೋ, ಹೆದರಿಸುವ ದೃಶ್ಯ ಇದೆಯೋ. ಆ ಉತ್ತರಗಳ ಮೇಲೆ ಕಂಪ್ಯೂಟರ್ ಅಂಕಿ ಕೊಡುತ್ತದೆ. ಅಂದರೆ ಗುತ್ತಿಗೆದಾರನೇ ತನ್ನ ಕೆಲಸದ ಅಳತೆ ಪುಸ್ತಕ ಬರೆದಂತೆ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಮೇಲ್ತಪಾಸಣೆಯೂ ಇರುತ್ತದೆ. ಆದರೆ ನಮ್ಮ ಊರಿನ, ನಮ್ಮ ಭಾಷೆಯ ಕಣ್ಣಿನಿಂದ ಅದನ್ನು ನೋಡಿದವರು ಯಾರೂ ಇಲ್ಲ.

ಇಲ್ಲಿ ನನ್ನ ವೃತ್ತಿಯ ಒಂದು ಮಾತು. ಹಳೆಯ ಸೇತುವೆಯ ಹತ್ತಿರ ಇಲಾಖೆಯವರು ಎರಡು ಬಗೆಯ ವ್ಯವಸ್ಥೆ ಮಾಡುತ್ತಾರೆ. ಒಂದು, 'ಭಾರಿ ವಾಹನಗಳಿಗೆ ಪ್ರವೇಶವಿಲ್ಲ' ಎಂಬ ಫಲಕ. ಇನ್ನೊಂದು, ದಾರಿಗೆ ಅಡ್ಡಲಾಗಿ ಎತ್ತರದಲ್ಲಿ ಕಬ್ಬಿಣದ ತೊಲೆ. ಫಲಕ ತಿಳಿಸುತ್ತದೆ, ತೊಲೆ ತಡೆಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಫಲಕ ಓದಿ ಟ್ರ್ಯಾಕ್ಟರ್ ತಿರುಗಿಸಿದ ಡ್ರೈವರನನ್ನು ನಾನು ನೋಡಿದ್ದು ಕಡಿಮೆ. ತೊಲೆ ಕಂಡರೆ ಎಲ್ಲರೂ ನಿಲ್ಲುತ್ತಾರೆ. ಮೊಬೈಲಿನ ವಯಸ್ಸಿನ ಅಂಕಿ ಬರೀ ಫಲಕ. ಸಿನಿಮಾ ಟಾಕೀಸಿನಲ್ಲಿ 'ಎ' ಚಿತ್ರಕ್ಕೆ ಗೇಟಿನಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ, ಹುಡುಗನ ಮುಖ ನೋಡುತ್ತಾನೆ. ಮೊಬೈಲಿನ ಗೇಟಿನಲ್ಲಿ ಯಾರೂ ಇಲ್ಲ.

ಅಲ್ಲಿ ಇನ್ನೂ ಒಂದು ಮೋಜು ಇದೆ. ನಮ್ಮ ಹಳ್ಳಿಗಳಲ್ಲಿ ಮಗುವಿಗೆ ಬೇರೆ ಮೊಬೈಲ್ ಇಲ್ಲ. ಅಪ್ಪನ ಮೊಬೈಲ್, ಅಜ್ಜನ ಮೊಬೈಲ್. ಅದರ ಖಾತೆಯಲ್ಲಿ ಅಪ್ಪನ ಜನ್ಮದಿನಾಂಕ. ಆದ್ದರಿಂದ ಅದನ್ನು ಹಿಡಿದವನು ನಲವತ್ತು ವರ್ಷದವನು ಎಂದೇ ಯಂತ್ರ ತಿಳಿಯುತ್ತದೆ. ಮಕ್ಕಳಿಗೆ ದಿನಕ್ಕೆ ಇಷ್ಟೇ ತಾಸು ಎಂದು ಕಂಪನಿ ಎಷ್ಟು ಒಳ್ಳೆಯ ಮಿತಿ ಹಾಕಿದರೂ ನಮ್ಮ ಹುಡುಗನಿಗೆ ಅದು ತಾಗುವುದಿಲ್ಲ. ಅವನು ಅಪ್ಪನ ಹೆಸರಿನಲ್ಲಿ ಆಡುತ್ತಿದ್ದಾನೆ.

ಈ ವಿಷಯದಲ್ಲಿ ಜನ ನನಗೆ ಎರಡು ಮಾತು ಹೇಳುತ್ತಾರೆ. ಎರಡಕ್ಕೂ ಉತ್ತರ ಕೊಡಬೇಕು.

ಮೊದಲ ಮಾತು: "ಸಾಹೇಬ್ರ, ನಾವು ಸಣ್ಣವರಿದ್ದಾಗ ದೊಡ್ಡಾಟ ನೋಡಿಲ್ಲೇನು? ರಾಕ್ಷಸ ಬಂದು ಕೂಗಿದಾಗ ಹೆದರಿಲ್ಲೇನು? ನಾವೇನು ಕೆಟ್ಟೇವೇನು?" ಸರಿಯಾದ ಪ್ರಶ್ನೆ. ನಾನೂ ದೊಡ್ಡಾಟದ ರಾಕ್ಷಸನಿಗೆ ಹೆದರಿ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡವನೇ. ಆದರೆ ಅಲ್ಲಿ ಸೆರಗು ಇತ್ತು. ಸುತ್ತ ಇಡೀ ಊರು ಕುಳಿತಿತ್ತು. ಮರುದಿನ ಮುಂಜಾನೆ ಅದೇ ರಾಕ್ಷಸ ಬಣ್ಣ ತೊಳೆದುಕೊಂಡು ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಹೆದರಿಕೆ ಹುಟ್ಟಿದ ಊರಲ್ಲೇ ಕರಗುತ್ತಿತ್ತು. ಈ ಆಟದಲ್ಲಿ ಮಗು ಒಂಟಿ. ಕಿವಿಗೆ ಹಾಕಿಕೊಂಡ ಯಂತ್ರದಿಂದ ಸಪ್ಪಳ ಮನೆಯವರಿಗೂ ಕೇಳಿಸುವುದಿಲ್ಲ. ಬಣ್ಣ ತೊಳೆದುಕೊಂಡು ಬರುವವರು ಯಾರೂ ಇಲ್ಲ. ಮತ್ತೆ ದೊಡ್ಡಾಟದಲ್ಲಿ ಮಗು ನೋಡುಗ. ಇಲ್ಲಿ ಓಡುವವನೂ ಅವನೇ, ಗುಂಡು ಹೊಡೆಯುವವನೂ ಅವನೇ, ಕೊಂದಷ್ಟು ಅಂಕ ಪಡೆಯುವವನೂ ಅವನೇ. ಏಳೆಂಟು ವರ್ಷದೊಳಗಿನ ಮಗುವಿಗೆ 'ಇದು ಸುಳ್ಳು' ಎಂದು ಹೇಳಿದರೆ ಸಾಲದು. ಕಣ್ಣಿಗೆ ಕಂಡದ್ದೇ ಅದಕ್ಕೆ ನಿಜ. ಅದಕ್ಕೇ ನನ್ನ ಮೊಮ್ಮಗ ಮೊಬೈಲಿಗೆ ಹೆದರಲಿಲ್ಲ, ಬಡಿಗೆಗೆ ಹೆದರಿದ.

ಎರಡನೆಯ ಮಾತು: "ಎಲ್ಲಾ ಬಂದ್ ಮಾಡಿಬಿಡಬೇಕು." 2019ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಪಕ್ಕದ ಕಾಕತಿಯಲ್ಲಿ, ಪಬ್ಜಿ ಆಡಬೇಡ ಎಂದ ತಂದೆಯನ್ನು ಮಗನೇ ಕೊಂದ ಸುದ್ದಿ ಬಂದಾಗ ಇದೇ ಮಾತು ಎಲ್ಲ ಕಡೆ ಕೇಳಿಬಂತು. ಸಂಕಟದ ಮಾತು, ಅರ್ಥವಾಗುತ್ತದೆ. ಆದರೆ ಎರಡು ಸಂಗತಿ ಗಮನಿಸಬೇಕು. ಆ ಮಗ ವಯಸ್ಸಿಗೆ ಬಂದ ಯುವಕ. ಯಾವ ವಯಸ್ಸಿನ ಅಂಕಿಯೂ ಅವನನ್ನು ತಡೆಯುತ್ತಿರಲಿಲ್ಲ. ಮತ್ತೆ ಆ ಆಟವನ್ನು ಆಡಿದ ಲಕ್ಷಾಂತರ ಹುಡುಗರು ಯಾರನ್ನೂ ಕೊಲ್ಲಲಿಲ್ಲ. ಹಿಂಸೆಯ ಆಟ ಆಡಿದವರು ಅಪರಾಧಿಗಳಾಗುತ್ತಾರೆ ಎಂಬುದನ್ನು ವಿದ್ವಾಂಸರು ಒಮ್ಮತದಿಂದ ಒಪ್ಪಿಲ್ಲ. ಮಕ್ಕಳಿಗೆ ಇಂಥ ಆಟ ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ರದ್ದು ಮಾಡಿದಾಗ, ಮುಂದಿಟ್ಟ ಪುರಾವೆ ಸಾಲದು ಎಂದೂ ಹೇಳಿತು. ನಾವು ಅರಿವಿನ ದಾರಿಯವರು. ಇದ್ದದ್ದಕ್ಕಿಂತ ಹೆಚ್ಚು ಹೇಳಿ ತಾಯಂದಿರನ್ನು ಹೆದರಿಸಿದರೆ ನಾವೂ ಅಂತ್ರ ಕಟ್ಟುವವರ ಸಾಲಿಗೇ ಸೇರುತ್ತೇವೆ.

ಹಾಗಾದರೆ ಹಾನಿ ಇಲ್ಲವೇ? ಇದೆ. ಅದು ಪತ್ರಿಕೆಯ ಮುಖಪುಟಕ್ಕೆ ಬರುವಂಥದ್ದಲ್ಲ, ಮನೆಯ ಒಳಗೆ ಕಾಣುವಂಥದ್ದು. ನಿದ್ದೆ ಕೆಡುತ್ತದೆ. ಸಿಟ್ಟು ಬರುತ್ತದೆ. ಊಟ ತಣ್ಣಗಾಗುತ್ತದೆ. ಹುಡುಗ ಆಯಿಯ ಮಗ್ಗುಲು ಬಿಡುತ್ತಾನೆ. ಆಟದ ಚಟ ಮಿತಿಮೀರಿ ಬದುಕೇ ಕೆಡುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ಇದಕ್ಕೆಂದು ಒಂದು ಚಿಕಿತ್ಸಾಲಯ ನಡೆಯುತ್ತಿದೆ.

ಬಂದ್ ಮಾಡಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಕಾರಣ ದೇಶದ ಭದ್ರತೆ ಮತ್ತು ಜನರ ಮಾಹಿತಿಯ ರಕ್ಷಣೆ, ಮಕ್ಕಳಲ್ಲ. ಹುಡುಗರು ಫ್ರೀ ಫೈರ್ ಹಿಡಿದರು. 2022ರ ಫೆಬ್ರುವರಿಯಲ್ಲಿ ಅದಕ್ಕೂ ನಿಷೇಧ ಬಿತ್ತು. ಅಷ್ಟರಲ್ಲಿ ಪಬ್ಜಿಯೇ 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಬಂದಿತ್ತು. 2022ರ ಜುಲೈನಲ್ಲಿ ಅದನ್ನೂ ತೆಗೆದರು, 2023ರ ಮೇ ತಿಂಗಳಲ್ಲಿ ಮತ್ತೆ ಬಿಟ್ಟರು. ಬೆಣ್ಣೆಹಳ್ಳಕ್ಕೆ ಒಂದು ಕಡೆ ಒಡ್ಡು ಹಾಕಿದರೆ ನೀರು ನಿಲ್ಲುವುದಿಲ್ಲ, ಪಕ್ಕದ ಹೊಲಕ್ಕೆ ನುಗ್ಗುತ್ತದೆ ಎಂಬುದು ನವಲಗುಂದದ ರೈತರಿಗೆ ನಾನು ಹೇಳಬೇಕಾಗಿಲ್ಲ. 2025ರ ಆಗಸ್ಟಿನಲ್ಲಿ ಬಂದ ಆನ್‌ಲೈನ್ ಆಟಗಳ ಕಾಯಿದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದೆ. ಒಳ್ಳೆಯದು, ಎಷ್ಟೋ ಮನೆ ಉಳಿದಾವು. ಆದರೆ ಬಡಿಗೆ ಹಿಡಿದ ಮುದುಕಿಯ ಆಟದಲ್ಲಿ ಹಣದ ಪಣವಿಲ್ಲ. ಆ ನಿಷೇಧ ಅದಕ್ಕೆ ತಾಗುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಮೂರು ಕಡೆ ಮೂರು ಕೆಲಸ.

ಒಂದು, ಸರ್ಕಾರದಿಂದ. ಸಿನಿಮಾಕ್ಕೆ, ಒಟಿಟಿಗೆ ಇರುವ ಶ್ರೇಣಿ ಆಟಕ್ಕೂ ಕಾನೂನಿನಲ್ಲಿ ಬರಲಿ. ಅಂಕಿಯ ಜೊತೆ ಕಾರಣ ಇರಲಿ: ರಕ್ತ, ಹೆದರಿಕೆ, ಕೆಟ್ಟ ಮಾತು, ದುಡ್ಡು ಖರ್ಚು. ಅದು ಕನ್ನಡದಲ್ಲಿ ಇರಲಿ, ಚಿತ್ರದೊಂದಿಗೆ ಇರಲಿ. ಹೊಸ ಕಾಯಿದೆಯಲ್ಲಿ ಆಟಗಳ ಪ್ರಾಧಿಕಾರವೊಂದನ್ನು ರಚಿಸುವ ಅವಕಾಶವಿದೆ. ಈ ಬೇಡಿಕೆಯನ್ನು ಅಲ್ಲಿಗೆ ಮುಟ್ಟಿಸಲು ಮಠಗಳು, ಶಾಲೆಗಳು, ಗ್ರಾಮ ಪಂಚಾಯಿತಿಗಳು ಠರಾವು ಮಾಡಿ ಕಳಿಸಬಹುದು. ನಮ್ಮ ಗೋಷ್ಠಿಯಿಂದಲೇ ಮೊದಲ ಠರಾವು ಹೋಗಲಿ ಎಂದು ಶ್ರೀಗಳಲ್ಲಿ ವಿನಂತಿ.

ಎರಡು, ಮನೆಯಲ್ಲಿ. ಸರ್ಕಾರದ ದಾರಿ ಕಾಯಬೇಕಿಲ್ಲ, ತೊಲೆಯನ್ನು ನಾವೇ ಹಾಕಬಹುದು. ಪ್ಲೇಸ್ಟೋರ್ ತೆರೆದು ಮೇಲೆ ಬಲಗಡೆ ನಿಮ್ಮ ಚಿತ್ರದ ಮೇಲೆ ಒತ್ತಿರಿ. ಸೆಟ್ಟಿಂಗ್ಸ್, ಅದರಲ್ಲಿ ಫ್ಯಾಮಿಲಿ, ಅದರಲ್ಲಿ ಪೇರೆಂಟಲ್ ಕಂಟ್ರೋಲ್ಸ್. ಅದನ್ನು ಚಾಲೂ ಮಾಡಿ ನಾಲ್ಕು ಅಂಕಿಯ ಪಿನ್ ಇಡಿರಿ, ಮಗುವಿಗೆ ತಕ್ಕ ವಯಸ್ಸು ಆರಿಸಿರಿ. ಮುಂದೆ ಆ ವಯಸ್ಸಿಗೆ ಮೀರಿದ ಆಟ ಅಲ್ಲಿಂದ ಇಳಿಯುವುದಿಲ್ಲ. ಈಗಾಗಲೇ ಇಳಿಸಿಕೊಂಡದ್ದನ್ನು ಮಾತ್ರ ನಾವೇ ತೆಗೆಯಬೇಕು. ಗೆಳೆಯರು ವಾಟ್ಸ್ಆ್ಯಪಿನಲ್ಲಿ ಕಳಿಸುವ ಎಪಿಕೆ ಫೈಲುಗಳಿಗೆ ಈ ತೊಲೆ ಅಡ್ಡ ಬರುವುದಿಲ್ಲ, ಅವು ಕಾಲುವೆಯ ದಂಡೆ ಒಡೆದು ಬರುವ ನೀರು. ಆದ್ದರಿಂದ ಗೊತ್ತಿಲ್ಲದ ಕಡೆಯಿಂದ ಆ್ಯಪ್ ಹಾಕಲು ಅನುಮತಿ ಕೇಳಿದರೆ ಕೊಡಬೇಡಿರಿ. ಪಿನ್ ಇಡುವಾಗ ಮಗನ ಜನ್ಮದಿನಾಂಕ ಇಡಬೇಡಿರಿ. ಮೊದಲು ಅದನ್ನೇ ಅವನು ಒತ್ತಿ ನೋಡುತ್ತಾನೆ.

ಇದು ಯಂತ್ರದ ಕೆಲಸ, ಐದು ನಿಮಿಷದ್ದು. ಇದಕ್ಕಿಂತ ದೊಡ್ಡದು ಮಗುವಿನ ಪಕ್ಕದಲ್ಲಿ ಕುಳಿತು ಒಮ್ಮೆ ಆ ಆಟ ನೋಡುವುದು. "ಇದರಾಗ ನಿನಗ ಏನು ಸೇರತೈತಿ? ಯಾವುದಕ್ಕ ಅಂಜಿಕಿ ಬರತೈತಿ?" ಎಂದು ಕೇಳುವುದು. ಎಂಟು ವರ್ಷದ ಬಾಲಕ ಬಸವಣ್ಣ 'ಅಕ್ಕನಿಗಿಲ್ಲದ ಜನಿವಾರ ನನಗೇಕೆ' ಎಂದು ಕೇಳಿದ ಕಥೆಯನ್ನು ಅಭಿಮಾನದಿಂದ ಹೇಳುತ್ತೇವೆ. ನಮ್ಮ ಮನೆಯ ಎಂಟು ವರ್ಷದ ಮಗು ಪ್ರಶ್ನೆ ಕೇಳಿದರೆ ಮಾತ್ರ 'ಸುಮ್ಮನ ಕೂಡು' ಎನ್ನುತ್ತೇವೆ. ವಯಸ್ಸಿನ ಅಂಕಿ ಮಗುವಿನ ಬುದ್ಧಿಯ ಅಳತೆಯಲ್ಲ, ಹೊರಬಲ್ಲ ಭಾರದ ಅಳತೆ. ಇದು ಮಗುವಿಗೂ ತಿಳಿಯಬೇಕು. ಕಾರಣ ಹೇಳದೆ ಕಸಿದುಕೊಂಡರೆ ಅದು ಅಪಮಾನವಾಗುತ್ತದೆ, ಕದ್ದು ಆಡುವುದಕ್ಕೆ ದಾರಿಯಾಗುತ್ತದೆ.

ಮೂರು, ಮಠದಲ್ಲಿ. 'ಅಂಗೈಯಲ್ಲಿ ಲಿಂಗ ಇರಬೇಕಾದಲ್ಲಿ ಮೊಬೈಲ್ ಬಂದಿದೆ' ಎಂದು ವೇದಿಕೆಯ ಮೇಲೆ ಹೇಳುತ್ತೇವೆ, ಚಪ್ಪಾಳೆ ಬೀಳುತ್ತದೆ. ಮನೆಗೆ ಹೋಗಿ, ಮಗು ಊಟ ಮಾಡಲೆಂದು ಅದೇ ಮೊಬೈಲನ್ನು ಅದರ ಅಂಗೈಗೆ ಕೊಡುತ್ತೇವೆ. ಚಪ್ಪಾಳೆಯ ಬದಲು ತಿಂಗಳಿಗೊಂದು ಸಂಜೆ ಮಠದ ಅಂಗಳದಲ್ಲಿ ತಾಯಂದಿರ ಮೊಬೈಲಿಗೆ ಈ ತೊಲೆ ಹಾಕಿಕೊಡುವ ಕೆಲಸ ಮಾಡೋಣ. ಕಾಲೇಜು ಓದುವ ನಮ್ಮ ಹುಡುಗ ಹುಡುಗಿಯರಿಗೆ ಇದು ಕಾಯಕವಾಗಲಿ. ಬೇಡ ಎಂದ ಮೇಲೆ ಬೇರೆ ಏನಾದರೂ ಕೊಡಬೇಕಲ್ಲ? ಚಿನ್ನಿದಾಂಡು, ಲಗೋರಿ ಆಡಲು ಮಠದ ಬಯಲಿದೆ. ನಮ್ಮ ನವಲಗುಂದದ ಜಮಖಾನೆಯಲ್ಲಿ ನೇಕಾರ ತಾಯಂದಿರು ಪಗಡೆಯ ಹಾಸನ್ನೇ ನೇಯ್ದಿದ್ದಾರೆ. ಆಟ ಮನೆಯ ನಡುವೆ ಎಲ್ಲರೂ ಕೂಡಿ ಆಡುವಂಥದ್ದು ಎಂಬುದಕ್ಕೆ ಅದಕ್ಕಿಂತ ಗುರುತು ಬೇಕೇ?

ಚಟ ಕೈಮೀರಿದ್ದರೆ, ಮಗು ರಾತ್ರಿಯ ಹೆದರಿಕೆಯಿಂದ ಹೊರಬರದಿದ್ದರೆ ಅಂತ್ರಕ್ಕೆ ಹೋಗಬೇಡಿರಿ. ನಮ್ಮ ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಅಲ್ಲಿಗೆ ಹೋಗುವುದಕ್ಕೆ ನಾಚಿಕೆ ಬೇಡ. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ ಇದೆ, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು. ಮಠದ ಗೋಡೆಯ ಮೇಲೆ ಈ ಸಂಖ್ಯೆ ಬರೆಸಬೇಕೆಂದು ಕೇಳಿಕೊಳ್ಳುತ್ತೇನೆ.

ಕೊನೆಗೆ ಮೊಮ್ಮಗನ ವಿಷಯ. ಆ ಆಟವನ್ನು ಅವನ ಕೈಯಿಂದಲೇ ತೆಗೆಸಿದೆ. ಮರುದಿನ ನನ್ನ ಮನೆಯವರು ಅವನನ್ನು ಕರೆದು ಬಡಿಗೆಯನ್ನು ಅವನ ಕೈಗೇ ಕೊಟ್ಟು, "ಇದನ್ನ ರಾತ್ರಿ ನೀನ ಇಟ್ಕೋ. ಮುಂಜಾನೆ ನಾ ಏಳೂಮುಂದ ತಂದುಕೊಡು" ಎಂದರು. ಹದಿನೈದು ದಿನ ಅವನು ಬಡಿಗೆಯನ್ನು ಮಗ್ಗುಲಲ್ಲಿಟ್ಟುಕೊಂಡು ಬೇರೆ ಮಲಗಿದ. ಪ್ರತಿ ಮುಂಜಾನೆ ತಂದುಕೊಟ್ಟ. ಆಮೇಲೊಂದು ರಾತ್ರಿ ಬಡಿಗೆಯನ್ನು ಬಾಗಿಲ ಮೂಲೆಗೆ ನಿಲ್ಲಿಸಿ, ತಾನಾಗಿ ಹೋಗಿ ಆಯಿಯ ಹಾಸಿಗೆಯಲ್ಲಿ ಮಲಗಿದ. ದೀಪ ಆರಿಸಬೇಡ ಎಂದು ಈಗಲೂ ಒಮ್ಮೊಮ್ಮೆ ಹೇಳುತ್ತಾನೆ. ನಾವು ಆರಿಸುವುದಿಲ್ಲ.

ನಾನು ಓದಿದ ಎಂಜಿನಿಯರಿಂಗಿನಲ್ಲಿ ಈ ಉಪಾಯ ಇರಲಿಲ್ಲ. ಏಳನೆಯ ಇಯತ್ತೆ ಓದಿದ ಆಯಿಗೆ ಅದು ಹೊಳೆಯಿತು. ಅಂಕಿ ಬರೆಯುವ ಕೆಲಸ ಸರ್ಕಾರ ಮಾಡಲಿ, ಬಾಗಿಲು ಕಾಯುವ ಕೆಲಸ ನಮ್ಮದು.